ಒಡವೆ ಮಾಡುವವರ ಬೆನ್ನುನೋವು

ವಿವಾಹದ ಉಂಗುರ, ಪ್ರಥಮ ಪರಮಪ್ರಸಾದದ ಸರ, ಕೊರಳ ಶಿಲುಬೆ – ನಮ್ಮ ಕುಟುಂಬಗಳ ಶುಭಕಾರ್ಯಗಳಲ್ಲೆಲ್ಲ ಅಕ್ಕಸಾಲಿಗರ ಕೈಕೆಲಸವಿದೆ. ಒಡವೆಯ ತೂಕವನ್ನು ತಪ್ಪದೆ ವಿಚಾರಿಸುವ ನಾವು, ಅದನ್ನು ಮಾಡಿದವರ ಆರೋಗ್ಯವನ್ನು ವಿಚಾರಿಸುವುದು ಅಪರೂಪ.

ನೆಲದ ಮೇಲೋ ಗಿಡ್ಡ ಮಣೆಯ ಮೇಲೋ ಕುಳಿತು, ತಲೆ ಬಗ್ಗಿಸಿ, ಚಿಮುಟ, ಅರ ಹಿಡಿದು ಅವರು ಗಂಟೆಗಟ್ಟಲೆ ದುಡಿಯುತ್ತಾರೆ. ಅಲುಗಾಡದೆ ಬಿಗಿಹಿಡಿದ ಸ್ನಾಯುಗಳಲ್ಲಿ ರಕ್ತಸಂಚಾರ ಕುಂದುತ್ತದೆ. ಕುತ್ತಿಗೆ, ಭುಜ, ಸೊಂಟಗಳಲ್ಲಿ ನೋವು ನೆಲೆಸುತ್ತದೆ. ಒಂದೇ ಬಗೆಯ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಮಣಿಕಟ್ಟಿನ ನರ ಒತ್ತಿಹೋಗಿ ಬೆರಳುಗಳು ಜೋಮು ಹಿಡಿಯುತ್ತವೆ. ಬೆರಳುಗಳೇ ಬಂಡವಾಳವಾದವರಿಗೆ ಇದು ಅನ್ನದ ಪ್ರಶ್ನೆ.

1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿ ಸೀಸದ ವಿಷಬಾಧೆ, ಸಿಲಿಕೋಸಿಸ್‌ಗಳಿದ್ದವು, ಬೆನ್ನುನೋವಿಗೆ ಸ್ಥಾನವಿರಲಿಲ್ಲ. ಮನೆಯ ಜಗಲಿಯಲ್ಲಿ ಮಜೂರಿಗೆ ದುಡಿಯುವವರಿಗಂತೂ ಕೈ ನಿಂತರೆ ಆದಾಯವೂ ನಿಂತಂತೆ.

ಪರಿಹಾರ ದುಬಾರಿಯಲ್ಲ. ಕೆಲಸವನ್ನು ಕಣ್ಣಿನ ಸಮೀಪಕ್ಕೆ ತರುವ ಎದೆಮಟ್ಟದ ಮೇಜು, ತೋಳಿಗೂ ಬೆನ್ನಿಗೂ ಆಸರೆ, ಸಾಕಷ್ಟು ಬೆಳಕು, ನಡುನಡುವೆ ಎದ್ದು ಮೈ ಸಡಿಲಿಸಲು ಕೆಲವು ನಿಮಿಷ. ಕಾರ್ಖಾನೆ, ಅಂಗಡಿಗಳಲ್ಲಿ ಇವನ್ನು ಒದಗಿಸುವುದು ಮಾಲೀಕರ ಹೊಣೆ.

ಆದರೆ ಗಿರಾಕಿಗಳಾದ ನಮ್ಮ ಪಾಲೂ ಇದೆ. ಇಗರ್ಜಿಯಲ್ಲಿ ಮದುವೆಯ ಪ್ರಕಟಣೆ ಆರಂಭವಾದ ಬಳಿಕ ಒಡವೆಗೆ ಹೇಳಿ, ಅವಸರಪಡಿಸಿ, ಕೊನೆಗೆ ಮಜೂರಿಯಲ್ಲಿ ಚೌಕಾಸಿ ಮಾಡಿದರೆ, ಅವರ ವಿರಾಮದ ನಿಮಿಷಗಳನ್ನು ಕಸಿದುಕೊಂಡವರು ನಾವೇ ಆಗುತ್ತೇವೆ. ಮದುವೆ ನಿಶ್ಚಯವಾದ ದಿನವೇ ಒಡವೆಗೆ ಹೇಳೋಣ. ನ್ಯಾಯವಾದ ಮಜೂರಿಯನ್ನು ಸಂತೋಷದಿಂದ ಕೊಡೋಣ. ನಮ್ಮ ಮನೆಯ ಮಂಗಳಕಾರ್ಯ ಇನ್ನೊಬ್ಬರ ಬೆನ್ನಿಗೆ ಭಾರವಾಗದಿರಲಿ.