ಕಡ್ಡಿ ಕಲಿಸುವ ಗಣಿತ

ರಾತ್ರಿ ಒಂಬತ್ತು ಗಂಟೆಗೆ ಮಗಳಿಗೆ ನೆನಪಾಗುತ್ತದೆ: 'ಅಪ್ಪಾ, ನಾಳೆ ಪ್ರಾಜೆಕ್ಟ್ ಕೊಡಬೇಕು!' ಅಪ್ಪ ಥರ್ಮೋಕೋಲ್ ತರಲು ಓಡುತ್ತಾರೆ. ಅವರು ಕತ್ತರಿಸುತ್ತಾರೆ, ಅಮ್ಮ ಅಂಟಿಸುತ್ತಾರೆ, ಮಗಳು ನಿದ್ದೆ ಹೋಗಿರುತ್ತಾಳೆ. ಅಂಕ ಬರುತ್ತದೆ ನಿಜ. ಆದರೆ ಕಲಿತವರು ಯಾರು?

ಅರವಿಂದ ಗುಪ್ತ 1975ರಲ್ಲಿ ಕಾನ್ಪುರದ ಐಐಟಿಯಿಂದ ಎಂಜಿನಿಯರ್ ಆಗಿ ಹೊರಬಂದವರು. ಪುಣೆಯ ವಾಹನ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿದ್ದ ಅವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಗೆ ಹೋದರು. ಮಕ್ಕಳು ಪ್ರಯೋಗ ಮಾಡುತ್ತಲೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಅಲ್ಲಿನ ಹಳ್ಳಿ ಶಾಲೆಗಳಲ್ಲಿ 1972ರಲ್ಲೇ ಆರಂಭವಾಗಿತ್ತು. ಪ್ರಯೋಗಾಲಯವಿಲ್ಲದ ಶಾಲೆಗೆ ಸಲಕರಣೆ ಎಲ್ಲಿಂದ ಬರಬೇಕು? ಗುಪ್ತರು ಆರಿಸಿಕೊಂಡದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್‌ಟ್ಯೂಬ್!

ನೀವೂ ಮಾಡಿ ನೋಡಿ. ಕಡ್ಡಿಗಳ ಮದ್ದಿನ ತುದಿಯನ್ನು ದೊಡ್ಡವರು ತೆಗೆದುಕೊಡಲಿ. ವಾಲ್‌ಟ್ಯೂಬನ್ನು ಒಂದೂವರೆ ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ. ಮೂರು ಕಡ್ಡಿ, ಮೂರು ತುಂಡು ಜೋಡಿಸಿದರೆ ತ್ರಿಕೋನ. ನಾಲ್ಕು ನಾಲ್ಕು ಜೋಡಿಸಿದರೆ ಚೌಕ. ಈಗ ಎರಡನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ. ಚೌಕ ವಾಲಿ ವಜ್ರಾಕೃತಿಯಾಗುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಚೌಕದ ಮೂಲೆಯಿಂದ ಮೂಲೆಗೆ ಒಂದು ಪೊರಕೆಕಡ್ಡಿ ಕೊಡಿ. ಅದೂ ಗಟ್ಟಿಯಾಗಿ ನಿಲ್ಲುತ್ತದೆ. ಏಕೆಂದರೆ ಅದೀಗ ಎರಡು ತ್ರಿಕೋನ.

ಇನ್ನು ಟ್ಯೂಬಿನ ನಡುವೆ ತೂತು ಮಾಡಿದರೆ ಮೂರನೆಯ ಕಡ್ಡಿಗೂ ಜಾಗ ಸಿಗುತ್ತದೆ. ತೂತು ಕೊರೆಯುವ ಹತ್ಯಾರು ಜಾಲಿಮುಳ್ಳು! ಇಂಥ ನಾಲ್ಕು ತುಂಡು, ಆರು ಕಡ್ಡಿ ಸೇರಿದರೆ ನಾಲ್ಕು ತ್ರಿಕೋನಗಳ ಪುಟ್ಟ ಗೋಪುರ ಸಿದ್ಧ. ನಂತರ ಹೊಲದ ನಡುವೆ ನಿಂತ ವಿದ್ಯುತ್ ಗೋಪುರವನ್ನೋ ರೈಲು ಸೇತುವೆಯ ಕಬ್ಬಿಣದ ಚೌಕಟ್ಟನ್ನೋ ನೋಡಿ. ಅಲ್ಲೆಲ್ಲ ಓರೆಪಟ್ಟಿಗಳು ಏಕಿವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಗುಪ್ತರ ಬೆಂಕಿಕಡ್ಡಿ ಪುಸ್ತಕ 1980ರ ದಶಕದಲ್ಲಿ ಬಂತು. ಕಸದಿಂದ ನೂರಾರು ಆಟಿಕೆ ಮಾಡಿ ತೋರಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು.

ಪಾಲಕರೇ, ಮುಂದಿನ ಪ್ರಾಜೆಕ್ಟ್ ಮಗುವಿನ ಕೈಯಲ್ಲೇ ಆಗಲಿ. ಸೊಟ್ಟಗಾದರೂ ಚಿಂತೆಯಿಲ್ಲ, ಒಂದೆರಡು ಅಂಕ ಹೋದರೂ ಹೋಗಲಿ. ಸೊಟ್ಟ ಏಕಾಯಿತು ಎಂದು ಮಗು ಕೇಳಿತೇ? ಪಾಠ ಶುರುವಾಯಿತು ಎಂದೇ ತಿಳಿಯಿರಿ.