ಎನ್‌ಐಸಿಯು ಬಾಗಿಲಲ್ಲಿ ನಿಂತ ಅಪ್ಪ

ದಿನ ತುಂಬದೆ ಹುಟ್ಟಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದ ಮಕ್ಕಳ ಅಪ್ಪಂದಿರಿಗೂ ಆಸರೆ ಬೇಕು ಎಂದದ್ದಕ್ಕೆ ಬಂದ ಮೊದಲ ಆಕ್ಷೇಪ: ‘ಹೊಟ್ಟೆ ಕೊಯ್ಸಿಕೊಂಡು ಮಲಗಿರುವವಳು ಅವಳು, ಇವನಿಗೇನು ಧಾಡಿ?’

ಅವಳ ನೋವನ್ನು ಅಲ್ಲಗಳೆದವರು ಯಾರು? ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಮಗುವನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರೆ ಆಂಬುಲೆನ್ಸ್ ಹತ್ತುವವನು ಅಪ್ಪ. ವೆಂಟಿಲೇಟರ್‌ಗೆ ಹಾಕಲು ಸಹಿ ಮಾಡುವವನು, ಚೀಟಿ ಹಿಡಿದು ರಕ್ತನಿಧಿಗೆ ಓಡುವವನು, ‘ಈಗಲೇ ಏನೂ ಹೇಳಕ್ಕಾಗಲ್ಲ’ ಎಂಬ ಡಾಕ್ಟರ ಮಾತನ್ನು ಒಬ್ಬನೇ ನಿಂತು ಕೇಳುವವನೂ ಅವನೇ. ಆಮೇಲೆ ಹೆಂಡತಿಗೆ ಫೋನ್ ಮಾಡಿ ‘ಪಾಪು ಚೆನ್ನಾಗೈತೆ, ನೀನು ಗಂಜಿ ಕುಡಿ’ ಅನ್ನುತ್ತಾನೆ. ಕೇಳಿದ್ದನ್ನು ನುಂಗಿಕೊಂಡು ಆಡುವ ಈ ಸುಳ್ಳಿನ ಭಾರವೂ ಅವನ ಮೇಲೆಯೇ.

‘ಗಂಡಸು ಗಟ್ಟಿ, ಮಗು ಮನೆಗೆ ಬಂದರೆ ಎಲ್ಲ ಸರಿಹೋಗುತ್ತೆ’ ಅನ್ನುವವರಿಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಎಂಜಲು ಪರೀಕ್ಷಿಸಿಯೇ ಉತ್ತರ ಕೊಟ್ಟಿದ್ದಾರೆ. ತೀರಾ ಕಡಿಮೆ ತೂಕದ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಹೋಗುವ ಮುನ್ನ ಅಪ್ಪ ಅಮ್ಮ ಇಬ್ಬರಲ್ಲೂ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಹೆಚ್ಚಿತ್ತು. ಮನೆಗೆ ಬಂದ 14 ದಿನಗಳಲ್ಲಿ ಅಮ್ಮನದು ಇಳಿಯಿತು, ಅಪ್ಪನದು ಇಳಿಯಲಿಲ್ಲ. ಗಟ್ಟಿಯಾಗಿದ್ದದ್ದು ಮುಖ ಮಾತ್ರ.

ಮೂರನೆಯ ಆಕ್ಷೇಪ, ಅಪ್ಪ ಒಳಗೆ ಬಂದರೆ ಸೋಂಕು ತಗಲೀತೆಂಬ ಭಯ. ಕೈ ತೊಳೆಯುವುದರಿಂದ ಹಿಡಿದು ಕಾಂಗರೂ ಆರೈಕೆಯವರೆಗೆ ಹೆತ್ತವರಿಗೆ ಕಲಿಸಿ ಒಳಗೆ ಬಿಡಿ ಎಂದು ಕೇಂದ್ರ ಆರೋಗ್ಯ ಇಲಾಖೆ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕಾಂಗರೂ ಆರೈಕೆಯೆಂದರೆ ಮಗುವನ್ನು ಎದೆಗೆ ಒತ್ತಿ ಮಲಗಿಸಿಕೊಳ್ಳುವುದು; ಅದಕ್ಕೆ ಮೊಲೆಹಾಲು ಬೇಕಿಲ್ಲ, ಬೆಚ್ಚಗಿನ ಎದೆ ಸಾಕು. ಹಾಲೂಡಿಸುವ ತಾಯಂದಿರ ನಡುವೆ ಗಂಡಸು ಹೇಗೆ ಕೂರುವುದು ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು, ಒಪ್ಪುತ್ತೇನೆ. ಅದಕ್ಕೆ ಬೇಕಾದದ್ದು ಒಂದು ಪರದೆ, ಗೊತ್ತಾದ ಹೊತ್ತು. ಸೋಂಕಿನ ನೆಪ ಬೇಡ.

ಕೊನೆಗೆ, ‘ಅವನೂ ಅಳುತ್ತ ಕೂತರೆ ಬಿಲ್ಲು ಕಟ್ಟುವವರು ಯಾರು?’ ಕೇಂದ್ರ ಸರ್ಕಾರಿ ನೌಕರನಿಗೆ ಪಿತೃತ್ವ ರಜೆ 15 ದಿನ. 28 ವಾರಕ್ಕೆ ಹುಟ್ಟಿದ ಕೂಸು ಆಸ್ಪತ್ರೆಯಲ್ಲಿ ಎರಡು ತಿಂಗಳು ಮೀರಿ ಇರಬಹುದು. ಗಾರೆ ಕೆಲಸದವನಿಗೆ ಆ 15 ದಿನವೂ ಇಲ್ಲ. ಬಾಗಿಲಲ್ಲಿ ನಿಂತ ದಿನದ ಕೂಲಿ ಹೋಯಿತು. ಬಿಲ್ಲಿನ ಚಿಂತೆ ನಿಜವಾಗಿ ಇರುವವರು, ಮಗುವಿನ ಸ್ಥಿತಿ ತಿಳಿಸುವ ಹೊತ್ತನ್ನು ಅಪ್ಪ ಕೂಲಿ ಮುಗಿಸಿ ಬರುವಂತೆ ಬೆಳಗ್ಗೆ ಹನ್ನೊಂದರ ಬದಲು ಸಂಜೆ ಏಳಕ್ಕೆ ಹಾಕಿಸಲಿ. ಅದಕ್ಕೆ ದುಡ್ಡೂ ಖರ್ಚಾಗದು.