ಅಡಿಕೆ ರೋಗಕ್ಕೆ ಸಿಂಪಡಣೆಯೊಂದೇ ಸಾಕೆ?

ಕೊಪ್ಪ ತಾಲ್ಲೂಕಿನ ಬಾಳಗಡಿಯಿಂದ ಶೃಂಗೇರಿ, ನರಸಿಂಹರಾಜಪುರದವರೆಗೆ ಅಡಿಕೆಯನ್ನೇ ನಂಬಿದ ಕುಟುಂಬಗಳಿಗೆ ಕೊಳೆರೋಗ ಹೊಸದಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಕುರಿತ ಅಧ್ಯಯನವನ್ನು 1910ರಲ್ಲೇ ಪ್ರಕಟಿಸಿದ್ದರು. ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣವೇ ಇಂದಿಗೂ ಮಳೆಗಾಲದ ಮುಖ್ಯ ಆಯುಧ. ಇದರ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಉಲ್ಬಣಿಸಿದೆ. ಅದಕ್ಕೆ ಕಾರಣವಾದ ಶಿಲೀಂಧ್ರಗಳಲ್ಲಿ ಕೊಲೆಟೊಟ್ರೈಕಮ್ ಪ್ರಮುಖವಾದುದು.

ಔಷಧಿಗೆ ಸಹಾಯಧನ ನೀಡುವುದು ಅಗತ್ಯವೇ. ಆದರೆ ಶತ್ರುವಿನ ಅಂತರಂಗ ಅರಿಯದೆ ನಡೆಸುವ ಯುದ್ಧಕ್ಕೆ ಕೊನೆಯಿಲ್ಲ. ಈ ಶಿಲೀಂಧ್ರ ಎಲೆಯೊಳಕ್ಕೆ ನುಗ್ಗಲು ತನ್ನ ಯಾವ ಜೀನನ್ನು ಬಳಸುತ್ತದೆ ಎಂಬುದೇ ಮೂಲಪ್ರಶ್ನೆ.

ಉತ್ತರ ಹುಡುಕುವ ಕ್ರಮ ಸರಳ: ಒಂದು ಜೀನನ್ನು ಕೆಡಿಸಿ, ಏನು ನಿಂತುಹೋಯಿತು ಎಂದು ನೋಡುವುದು. ಬೀಡಲ್ ಮತ್ತು ಟೇಟಮ್ 1941ರಲ್ಲಿ ನ್ಯೂರೋಸ್ಪೋರಾ ಎಂಬ ಬೂಷ್ಟಿನ ಮೇಲೆ ಕ್ಷಕಿರಣ ಹಾಯಿಸಿ ಮಾಡಿದ್ದು ಇದನ್ನೇ. ಆದರೆ ತಂತುರೂಪಿ ಶಿಲೀಂಧ್ರಗಳಲ್ಲಿ ಆಯ್ದ ಜೀನೊಂದನ್ನೇ ಅಳಿಸುವುದು ಬಹುಕಾಲ ಕಷ್ಟವಾಗಿತ್ತು. ಹೊರಗಿನಿಂದ ಸೇರಿಸಿದ ಡಿಎನ್‌ಎ ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತಿತ್ತು. 2004ರಲ್ಲಿ ಜಪಾನಿನ ಸಂಶೋಧಕರು ಅಂಟಿಸುವ ಆ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸಿ ಗುರಿಯನ್ನು ನಿಖರಗೊಳಿಸಿದರು. 2015ರಿಂದ ಕ್ರಿಸ್ಪರ್ ತಂತ್ರವೂ ಕೈಸೇರಿದೆ.

ಇದು ಕೇವಲ ಪ್ರಯೋಗಾಲಯದ ಕುತೂಹಲವಲ್ಲ. ಭತ್ತದ ಬೆಂಕಿರೋಗದ ಶಿಲೀಂಧ್ರಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಿಕೆಯ ಜೀನು ಕೆಟ್ಟರೆ, ಅದು ಎಲೆಯನ್ನು ಭೇದಿಸಲಾರದು. ಟ್ರೈಸೈಕ್ಲಜೋಲ್ ಔಷಧಿ ತಡೆಯುವುದೂ ಈ ಮೆಲನಿನ್ ತಯಾರಿಕೆಯನ್ನೇ. ಇಂತಹ ದುರ್ಬಲ ಬಿಂದುಗಳು ಅಡಿಕೆಯ ಶತ್ರುಗಳಲ್ಲಿಯೂ ಇರಲೇಬೇಕು. ಅವುಗಳನ್ನು ಒಂದೊಂದಾಗಿಯೇ ಹುಡುಕಬೇಕು. ಕೊಳೆರೋಗದ ಫೈಟೊಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ನೋಟದಲ್ಲಿ ಹೋಲುವ ಬೇರೆಯೇ ಗುಂಪಿನದು. ಒಂದರ ಮದ್ದು ಇನ್ನೊಂದಕ್ಕೆ ನಾಟಬೇಕೆಂದಿಲ್ಲ.

ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಇದು ಸಾರ್ವಜನಿಕ ಹಿತದ ಸ್ಪಷ್ಟ ಉದಾಹರಣೆಯಾಗಿ ಕಾಣುತ್ತದೆ. ಇಂತಹ ಜ್ಞಾನ ಎಲ್ಲರಿಗೂ ಬೇಕು, ಆದರೆ ಎರಡು ಎಕರೆಯ ಬೆಳೆಗಾರ ಅದರ ವೆಚ್ಚ ಭರಿಸಲಾರ. ಲಾಭ ಕಾಣಲು ದಶಕ ಹಿಡಿಯುವ ಕೆಲಸಕ್ಕೆ ಖಾಸಗಿ ಬಂಡವಾಳವೂ ಸುಲಭವಾಗಿ ಬಾರದು. ಆದ್ದರಿಂದ ಹೊಣೆ ಸರ್ಕಾರದ್ದೇ.

ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರ, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗಳು ನಮ್ಮಲ್ಲಿವೆ. ಪ್ರತಿವರ್ಷ ತೋಟಗಳಿಂದ ರೋಗಾಣು ಮಾದರಿ ಸಂಗ್ರಹಿಸಿ, ಸುರಕ್ಷಿತ ಪ್ರಯೋಗಾಲಯದಲ್ಲಿ ಅವುಗಳ ಜೀನುಗಳನ್ನು ಪರೀಕ್ಷಿಸುವ ಹೊಣೆಯನ್ನು ಇವುಗಳಿಗೆ ಜಂಟಿಯಾಗಿ ವಹಿಸಿ, ಕನಿಷ್ಠ ಹತ್ತು ವರ್ಷಗಳ ಖಾತರಿ ಅನುದಾನ ನೀಡಬೇಕು. ಮುಂದಿನ ಮಳೆಗಾಲಕ್ಕೆ ಇದರಿಂದ ಪರಿಹಾರ ಸಿಗದು, ನಿಜ. ಆದರೆ ಹಾನಿಯಾದ ಮೇಲೆ ಪರಿಹಾರ ಹಂಚುವುದನ್ನೇ ನೀತಿಯೆಂದು ಕರೆಯುವ ಅಭ್ಯಾಸವನ್ನು ಎಂದಾದರೊಮ್ಮೆ ಬಿಡಲೇಬೇಕಲ್ಲವೆ?